ಬ್ಯಾಟರಿ ಸತ್ತರೂ ಸಾಯದ ಕಿಡಿ

ಕಾರಿನ ಕೀಲಿ ತಿರುಗಿಸಿ ಆಫ್ ಮಾಡಿದರೆ ಒಳಗೆಲ್ಲೋ ಒಂದು ಸಂಪರ್ಕ ಕಡಿದುಹೋಗುತ್ತದೆ, ಎಂಜಿನ್ ನಿಲ್ಲುತ್ತದೆ. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ಸೆಸ್ನಾ ವಿಮಾನದಲ್ಲಿ ಕೀಲಿಯನ್ನು ಆಫ್ ಮಾಡಿದಾಗ ಆಗುವುದು ಇದರ ತಿರುವುಮುರುವು. ಅಲ್ಲಿ ತಂತಿ ಕಡಿಯುವುದಿಲ್ಲ, ಕೂಡುತ್ತದೆ. ಕಿಡಿ ಹುಟ್ಟಿಸುವ ಯಂತ್ರವನ್ನು ಎಂಜಿನ್ನಿನ ಮೈಗೆ ‘ಅರ್ತ್’ ಮಾಡಿ, ಅದರ ಬಾಯಿ ಕಟ್ಟುವುದೇ ಅಲ್ಲಿ ಆಫ್. ಆ ಅರ್ತ್ ತಂತಿ ಎಲ್ಲಾದರೂ ತುಂಡಾಗಿದ್ದರೆ, ಕೀಲಿ ಪೈಲಟ್ಟನ ಜೇಬಿನಲ್ಲಿದ್ದರೂ ಎಂಜಿನ್ ಜೀವಂತವೇ. ನಿಂತ ವಿಮಾನದ ಪ್ರೊಪೆಲ್ಲರನ್ನು ಸುಮ್ಮನೆ ಪಕ್ಕಕ್ಕೆ ತಳ್ಳಲು ಹೋಗಿ ಕೈ ಕಳೆದುಕೊಂಡವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಹ್ಯಾಂಗರಿನಲ್ಲಿ ಪಳಗಿದ ಮೆಕ್ಯಾನಿಕ್ಕುಗಳು ಯಾವ ಪ್ರೊಪೆಲ್ಲರನ್ನೂ ನಂಬುವುದಿಲ್ಲ. ಹಾವಿಗೆ ಕೊಡುವಷ್ಟೇ ಮರ್ಯಾದೆಯನ್ನು ಅದಕ್ಕೂ ಕೊಡುತ್ತಾರೆ.

ಇಂಥ ಅಪಾಯದ ಏರ್ಪಾಟನ್ನು ತಿಳಿದವರೇ ಯಾಕೆ ಮಾಡಿದರು? ಬೇಕೆಂದೇ ಮಾಡಿದರು. ತಂತಿ ತುಂಡಾದಾಗ ಎಂಜಿನ್ ನಿಂತುಬಿಡಬೇಕೋ, ಓಡುತ್ತಲೇ ಇರಬೇಕೋ? ಎರಡರಲ್ಲಿ ಒಂದನ್ನು ಆರಿಸಲೇಬೇಕು. ರಸ್ತೆಯ ಮೇಲಾದರೆ ನಿಂತರೇ ಕ್ಷೇಮ, ಬದಿಗೆ ತಳ್ಳಿ ಮೆಕ್ಯಾನಿಕ್ಕನಿಗೆ ಫೋನು ಮಾಡಬಹುದು. ಐದು ಸಾವಿರ ಅಡಿ ಎತ್ತರದಲ್ಲಿ ಬದಿ ಎಂಬುದೇ ಇಲ್ಲ.

ಈ ಹಟಮಾರಿ ಯಂತ್ರದ ಹೆಸರು ಮ್ಯಾಗ್ನೆಟೊ. ಸಣ್ಣ ವಿಮಾನ ಇಟ್ಟುಕೊಂಡವರ ನಡುವೆ ಈಗ ಇದನ್ನು ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕೋ ಬೇಡವೋ ಎಂಬ ಚರ್ಚೆ ಜೋರು. ಹೊರಗಿನಿಂದ ನೋಡಿದರೆ ಇದು ಹಳತು–ಹೊಸತರ ಜಗಳ, ಹಾಗಾಗಿ ಹೊಸತೇ ಗೆಲ್ಲಬೇಕು ಅನ್ನಿಸುತ್ತದೆ. ನನ್ನ ಮಟ್ಟಿಗೆ ಇಲ್ಲಿ ಪ್ರಶ್ನೆ ವಯಸ್ಸಿನದಲ್ಲ. ಕಿಡಿಗೆ ಕಸುವು ಎಲ್ಲಿಂದ ಬರುತ್ತದೆ, ಆ ಕಸುವು ಯಾವಾಗ ಕೈಕೊಡುತ್ತದೆ ಎಂಬುದರದು.

ಮ್ಯಾಗ್ನೆಟೊ ಏನೆಂದು ನಮ್ಮ ಊರುಗಳ ಹಳೆಯ ಸ್ಕೂಟರ್ ಮೆಕ್ಯಾನಿಕ್ಕುಗಳಿಗೆ ಹೇಳಿಕೊಡಬೇಕಾಗಿಲ್ಲ. ನಾನು ಹುಡುಗನಾಗಿದ್ದಾಗ ಮನೆಯ ಸ್ಕೂಟರ್ ಮಳೆಗಾಲದ ಬೆಳಿಗ್ಗೆ ಎಷ್ಟು ಒದ್ದರೂ ಏಳುತ್ತಿರಲಿಲ್ಲ. ಬೀದಿ ಕೊನೆಯ ಗ್ಯಾರೇಜಿನಾತ ಬಂದು, ಚಕ್ರದ ಪಕ್ಕದ ಮುಚ್ಚಳ ಬಿಚ್ಚಿ, ಬೆರಳುಗುರಿನಷ್ಟು ಉದ್ದದ ಎಮರಿ ಕಾಗದವನ್ನು ಒಳಗೆ ತೂರಿಸಿ ಎರಡು ಸಲ ಎಳೆದು, “ಪಾಯಿಂಟ್ ಉಜ್ಜಿದೀನಿ, ಈಗ ಹೊಡೀರಿ” ಅನ್ನುತ್ತಿದ್ದ. ಒಂದೇ ಒದೆತಕ್ಕೆ ಗಾಡಿ ಎದ್ದು ನಿಲ್ಲುತ್ತಿತ್ತು. ಆ ಸ್ಕೂಟರಿನ ಕಿಡಿಗೆ ಬ್ಯಾಟರಿ ಬೇಕಿರಲಿಲ್ಲ. ಫ್ಲೈವೀಲಿನಲ್ಲೇ ಕೂತ ಅಯಸ್ಕಾಂತ ತಿರುಗುತ್ತಿತ್ತು, ತಿರುಗಿದಾಗ ಪಕ್ಕದ ತಾಮ್ರದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತಿತ್ತು. ವಿಮಾನದ ಮ್ಯಾಗ್ನೆಟೊ ಅದೇ ಬಳಗದ ಹಿರಿಯಣ್ಣ.

ಒಳಗೆ ನಡೆಯುವುದು ಇಷ್ಟು. ಎಂಜಿನ್ನಿನ ಗಿಯರಿಗೆ ಕಚ್ಚಿಕೊಂಡ ಅಯಸ್ಕಾಂತ ತಿರುಗುತ್ತದೆ. ಅದರ ಎದುರಿನ ಕಬ್ಬಿಣದ ತಿರುಳಿಗೆ ದಪ್ಪ ತಂತಿಯ ಕೆಲವು ಸುತ್ತು, ಅದರ ಮೇಲೆ ಕೂದಲಿನಂಥ ತೆಳು ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಕರೆಂಟು ಹರಿಯುತ್ತಿರುವಾಗ, ಸರಿಯಾದ ಗಳಿಗೆಯಲ್ಲಿ ‘ಪಾಯಿಂಟ್’ ಎಂಬ ಎರಡು ಲೋಹದ ತುಟಿಗಳು ತೆರೆದುಕೊಂಡು ಆ ಹರಿವನ್ನು ಥಟ್ಟನೆ ಕಡಿಯುತ್ತವೆ. ಕಟ್ಟೆ ಒಡೆದ ಹಾಗೆ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತಕ್ಕೆ ತೆಳು ತಂತಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡ ಎದ್ದು, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಅರ್ಧ ಮಿಲಿಮೀಟರಿನಷ್ಟೂ ಇಲ್ಲದ ಸಂದಿಯನ್ನು ಹಾರಿ ಕಿಡಿಯಾಗುತ್ತದೆ. ಪಾಯಿಂಟುಗಳು ತಾವೇ ಸುಟ್ಟುಕೊಳ್ಳದಂತೆ ಪಕ್ಕದಲ್ಲೊಂದು ಕಂಡೆನ್ಸರ್, ಯಾವ ಸಿಲಿಂಡರಿಗೆ ಈ ಸಲದ ಕಿಡಿ ಎಂದು ಹಂಚಲು ಒಂದು ಡಿಸ್ಟ್ರಿಬ್ಯೂಟರ್. ಅಷ್ಟೇ ಸಂಸಾರ. ಬ್ಯಾಟರಿ ಇಲ್ಲ, ಆಲ್ಟರ್ನೇಟರ್ ಇಲ್ಲ, ಫ್ಯೂಸ್ ಇಲ್ಲ. ಪ್ರೊಪೆಲ್ಲರ್ ತಿರುಗುವಷ್ಟು ಹೊತ್ತೂ ಕಿಡಿ ಉಂಟು.

ವಿಮಾನಕ್ಕೂ ಮ್ಯಾಗ್ನೆಟೊಗೂ ಇರುವ ಬಾಂಧವ್ಯ ವಿಮಾನದಷ್ಟೇ ಹಳೆಯದು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಕಿಟ್ಟಿಹಾಕ್ ಬಳಿ ಹಾರಿಸಿದ ವಿಮಾನದ ಎಂಜಿನ್ ಹೊತ್ತಿಸಲು ಡ್ರೈ ಬ್ಯಾಟರಿಗಳನ್ನೂ ಕಾಯಿಲನ್ನೂ ಬಳಸಿದ್ದರು. ಆದರೆ ಎಂಜಿನ್ ಎದ್ದಮೇಲೆ ಅವನ್ನು ನೆಲದ ಮೇಲೇ ಬಿಟ್ಟರು. ಜೊತೆಗೆ ಹಾರಿದ್ದು ಮ್ಯಾಗ್ನೆಟೊ ಮಾತ್ರ. ಒಂದೊಂದು ಪೌಂಡನ್ನೂ ಎಣಿಸುತ್ತಿದ್ದ ಅಣ್ಣತಮ್ಮಂದಿರು ಬ್ಯಾಟರಿಯನ್ನು ಹೊತ್ತುಕೊಂಡು ಹೋಗುವ ಪ್ರಶ್ನೆಯೇ ಇರಲಿಲ್ಲ. ಅವರದು ಇನ್ನೂ ಕಡಿಮೆ ವೋಲ್ಟೇಜಿನ ಮ್ಯಾಗ್ನೆಟೊ. ಸ್ಪಾರ್ಕ್ ಪ್ಲಗ್ ಇರಲಿಲ್ಲ, ಸಿಲಿಂಡರಿನ ಒಳಗೇ ಎರಡು ಲೋಹದ ತುದಿಗಳು ಕೂಡಿ ಬಿಟ್ಟು ಕಿಡಿ ಹಾರಿಸುತ್ತಿದ್ದವು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ರಾಬರ್ಟ್ ಬಾಷ್‌ನ ಕಂಪನಿಯ ಗೋಟ್ಲೋಬ್ ಹೊನೊಲ್ಡ್ ಎಂಬ ಎಂಜಿನಿಯರ್ ಅದಕ್ಕೂ ಒಂದು ವರ್ಷ ಮೊದಲೇ, 1902ರಲ್ಲಿ, ಸ್ಪಾರ್ಕ್ ಪ್ಲಗ್ಗಿನ ಜೊತೆ ಕೆಲಸ ಮಾಡುವ ಹೈವೋಲ್ಟೇಜ್ ಮ್ಯಾಗ್ನೆಟೊ ಮಾಡಿದ್ದ. ಬೆಂಗಳೂರಿನ ಆಡುಗೋಡಿಯಲ್ಲಿ ಎಷ್ಟೋ ವರ್ಷ ಜನ ಕಂಡ ಬಾಷ್ ಕಂಪನಿಯ ಲಾಂಛನ ನೆನಪಿರಬಹುದು: ವೃತ್ತದೊಳಗೆ ಎಚ್ ಅಕ್ಷರದಂತೆ ಕಾಣುವ ಗುರುತು. ಅದು ಅಕ್ಷರವಲ್ಲ, ಮ್ಯಾಗ್ನೆಟೊದ ಆರ್ಮೇಚರಿನ ಚಿತ್ರ.

1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದಾಗ ಅವನ ಒಂಬತ್ತು ಸಿಲಿಂಡರಿನ ರೈಟ್ ವರ್ಲ್‌ವಿಂಡ್ ಎಂಜಿನ್ನಿಗೆ ಮೂವತ್ಮೂರೂವರೆ ಗಂಟೆ ಕಾಲ ಕಿಡಿ ಕೊಟ್ಟದ್ದು ಸಿಂಟಿಲ್ಲಾ ಮ್ಯಾಗ್ನೆಟೊಗಳು. ಲ್ಯಾಟಿನ್ ಭಾಷೆಯಲ್ಲಿ ಸಿಂಟಿಲ್ಲಾ ಎಂದರೆ ಕಿಡಿ ಎಂದೇ ಅರ್ಥ.

ಅಷ್ಟರಲ್ಲಿ ಕಾರುಗಳು ಬೇರೆ ದಾರಿ ಹಿಡಿದಿದ್ದವು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಸ್ಟಾರ್ಟರಿಗೆ ಹೇಗೂ ಬ್ಯಾಟರಿ ಬೇಕು. ಬ್ಯಾಟರಿ ಇದ್ದಮೇಲೆ ಕಿಡಿಗೂ ಅದನ್ನೇ ಬಳಸಿದರಾಯಿತು. ಕಾರಿನ ಲೋಕ ಮ್ಯಾಗ್ನೆಟೊವನ್ನು ಮರೆತೇಬಿಟ್ಟಿತು. ವಿಮಾನದ ಲೋಕ ಮರೆಯಲಿಲ್ಲ. ಅದನ್ನು ಜಡತನ ಎಂದು ಹಂಗಿಸುವವರಿದ್ದಾರೆ. ಜಡತನ ಸ್ವಲ್ಪ ಇದೆ, ಒಪ್ಪೋಣ. ಆದರೆ ಕಾರಣವೂ ಇದೆ, ಅದು ಕಾನೂನಿನಲ್ಲೇ ಬರೆದಿದೆ. ಕಿಡಿಯಿಂದ ಓಡುವ ವಿಮಾನದ ಎಂಜಿನ್ನಿಗೆ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್, ಎರಡು ಬೇರೆ ಬೇರೆ ಸರ್ಕೀಟ್, ಅವಕ್ಕೆ ಎರಡು ಬೇರೆ ಬೇರೆ ವಿದ್ಯುತ್ ಮೂಲ ಇರಬೇಕು, ಇಲ್ಲವೇ ಅಷ್ಟೇ ನೆಚ್ಚಬಹುದಾದ ಬೇರೊಂದು ಏರ್ಪಾಟು ಇರಬೇಕು ಎನ್ನುತ್ತದೆ ಅಮೆರಿಕದ ನಿಯಮ. ಎರಡು ಮ್ಯಾಗ್ನೆಟೊ ಇಟ್ಟರೆ ಈ ಷರತ್ತು ತಾನಾಗಿ ತೀರುತ್ತದೆ, ಏಕೆಂದರೆ ಪ್ರತಿ ಮ್ಯಾಗ್ನೆಟೊವೂ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ.

ಎರಡು ಪ್ಲಗ್ ಇರುವುದು ಒಂದು ಕೆಟ್ಟರೆ ಇನ್ನೊಂದು ಇರಲಿ ಎಂಬ ಕಾರಣಕ್ಕೆ ಮಾತ್ರವಲ್ಲ. ಸೆಸ್ನಾ 172ರ ಈಗಿನ ಮಾದರಿಯಲ್ಲಿರುವ ಲೈಕಮಿಂಗ್ ಎಂಜಿನ್ನಿನ ಸಿಲಿಂಡರ್ ಸುಮಾರು 130 ಮಿಲಿಮೀಟರ್ ಅಗಲ, ಅನ್ನದ ಪಾತ್ರೆಯಷ್ಟು. ಒಂದೇ ಬದಿಯಿಂದ ಹೊತ್ತಿಸಿದರೆ ಬೆಂಕಿ ಆಚೆ ದಡ ಮುಟ್ಟುವಷ್ಟರಲ್ಲಿ ತಡವಾಗುತ್ತದೆ. ಎರಡೂ ಬದಿಯಿಂದ ಹೊತ್ತಿಸಿದರೆ ನಡುವೆ ಸೇರುತ್ತದೆ. ಹಾರುವ ಮುನ್ನ ಪೈಲಟ್ ರನ್‌ವೇ ತುದಿಯಲ್ಲಿ ನಿಂತು ಎಂಜಿನ್ನನ್ನು 1800 ಆರ್‌ಪಿಎಂಗೆ ಏರಿಸಿ, ಕೀಲಿಯನ್ನು ಒಮ್ಮೆ ಬಲ ಮ್ಯಾಗ್ನೆಟೊಗೆ, ಒಮ್ಮೆ ಎಡ ಮ್ಯಾಗ್ನೆಟೊಗೆ ತಿರುಗಿಸಿ ನೋಡುವುದು ಎರಡೂ ಬದಿ ಹೊತ್ತುತ್ತಿವೆಯೇ ಎಂದು ತಿಳಿಯಲು. ಒಂದನ್ನು ಆರಿಸಿದಾಗ ಆರ್‌ಪಿಎಂ ಸೂಜಿ ಇಳಿಯಬೇಕು. 172ರ ಎಸ್ ಮಾದರಿಯಲ್ಲಿ 150ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ಇಳಿತದ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹೊಸಬರು ಇಳಿತ ಹೆಚ್ಚಾದರೆ ಗಾಬರಿಯಾಗುತ್ತಾರೆ. ಅನುಭವಸ್ಥರು ಸೂಜಿ ಇಳಿಯದಿದ್ದರೂ ಗಾಬರಿಯಾಗುತ್ತಾರೆ. ಇಳಿಯಲಿಲ್ಲವೆಂದರೆ ಆ ಮ್ಯಾಗ್ನೆಟೊ ಆರಲೇ ಇಲ್ಲ ಎಂದರ್ಥ. ಅರ್ತ್ ತಂತಿ ಎಲ್ಲೋ ತುಂಡಾಗಿದೆ, ಇಳಿದು ಹೋದಮೇಲೆ ಆ ಪ್ರೊಪೆಲ್ಲರ್ ಯಾರಿಗೋ ಕಾದಿರುತ್ತದೆ. ತಂತಿ ನೆಟ್ಟಗಿದ್ದರೂ ಕೀಲಿಯ ಸ್ವಿಚ್ಚೇ ಮೋಸ ಮಾಡಬಹುದು. ಕೆಲವು ಬೆಂಡಿಕ್ಸ್ ಸ್ವಿಚ್ಚುಗಳನ್ನು ಪದೇ ಪದೇ ಪರೀಕ್ಷಿಸಿ ನೋಡಬೇಕೆಂದು ಅಮೆರಿಕದ ವಿಮಾನಯಾನ ಆಡಳಿತ 1976ರಲ್ಲೇ ಆದೇಶ ಹೊರಡಿಸಿತ್ತು.

ಇಷ್ಟೆಲ್ಲ ಗುಣಗಾನ ಮಾಡಿದ ಮೇಲೆ ಮ್ಯಾಗ್ನೆಟೊದ ರೋಗಗಳನ್ನೂ ಹೇಳಬೇಕು. ಪಟ್ಟಿ ಚಿಕ್ಕದೇನಲ್ಲ.

ಮೊದಲನೆಯದು ಸವಕಳಿ. ನಾಲ್ಕು ಸಿಲಿಂಡರಿನ ಎಂಜಿನ್ 2400 ಆರ್‌ಪಿಎಂನಲ್ಲಿ ಓಡುವಾಗ ಒಂದು ಮ್ಯಾಗ್ನೆಟೊದ ಪಾಯಿಂಟುಗಳು ನಿಮಿಷಕ್ಕೆ 4800 ಸಲ ತೆರೆಯುತ್ತವೆ. ಗಂಟೆಗೆ 2,88,000. ಮ್ಯಾಗ್ನೆಟೊವನ್ನು ಬಿಚ್ಚಿ ನೋಡಬೇಕೆಂದು ತಯಾರಕರು ಹೇಳುವ 500 ಗಂಟೆ ಬರುವಷ್ಟರಲ್ಲಿ ಹದಿನಾಲ್ಕು ಕೋಟಿ ನಲವತ್ತು ಲಕ್ಷ ಸಲ. ಬೆರಳ ತುದಿಯಷ್ಟು ಲೋಹದ ತುಂಡು ಇಷ್ಟು ದುಡಿದರೆ ಸವೆಯದೆ ಏನು ಮಾಡೀತು? ಪಾಯಿಂಟ್ ಸವೆದರೆ ಟೈಮಿಂಗ್ ಒಂದು ಕಡೆಗೆ ಜಾರುತ್ತದೆ, ಪಾಯಿಂಟನ್ನು ಎತ್ತುವ ಕ್ಯಾಮ್ ಫಾಲೋವರ್ ಸವೆದರೆ ಇನ್ನೊಂದು ಕಡೆಗೆ. ಅದೃಷ್ಟವಿದ್ದರೆ ಎರಡೂ ಒಂದನ್ನೊಂದು ಸರಿದೂಗಿಸಿಕೊಂಡು ನಡೆಯುತ್ತವೆ. ಇದರ ಜೊತೆಗೆ ಹಲ್ಲು ಉದುರುವ ಪ್ಲಾಸ್ಟಿಕ್ ಗಿಯರ್, ಕಾರ್ಬನ್ ಬ್ರಷ್ಷಿನ ಪುಡಿ, ಸೋರುವ ಕಂಡೆನ್ಸರ್, ಒಣಗಿದ ಬೇರಿಂಗ್. ತೀರಾ ಎತ್ತರಕ್ಕೆ ಹೋದರೆ ಗಾಳಿ ತೆಳುವಾಗಿ, ಕಿಡಿ ಪ್ಲಗ್ಗಿನವರೆಗೆ ಹೋಗುವ ಬದಲು ಡಿಸ್ಟ್ರಿಬ್ಯೂಟರಿನ ಒಳಗೇ ಅಡ್ಡದಾರಿ ಹಿಡಿಯುತ್ತದೆ. ಅದಕ್ಕೆಂದೇ ಒಳಗೆ ಗಾಳಿಯೊತ್ತಡ ತುಂಬಿದ ಮ್ಯಾಗ್ನೆಟೊಗಳನ್ನು ಮಾಡಬೇಕಾಯಿತು.

ಎರಡನೆಯದು ಬೆಳಗಿನ ಸೋಮಾರಿತನ. ಅಯಸ್ಕಾಂತ ವೇಗವಾಗಿ ತಿರುಗಿದರೆ ಮಾತ್ರ ಒಳ್ಳೆಯ ಕಿಡಿ. ಸ್ಟಾರ್ಟರ್ ಎಂಜಿನ್ನನ್ನು ನಿಧಾನ ಉರುಳಿಸುವಾಗ ಕಿಡಿ ಹುಟ್ಟುವುದೇ ಕಷ್ಟ. ಇದಕ್ಕೆ ಹಳಬರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಇಂಪಲ್ಸ್ ಕಪ್ಲಿಂಗ್ ಎಂಬ ಸ್ಪ್ರಿಂಗು ಮ್ಯಾಗ್ನೆಟೊದ ಅಯಸ್ಕಾಂತವನ್ನು ಒಂದು ಕ್ಷಣ ಹಿಡಿದು ನಿಲ್ಲಿಸುತ್ತದೆ, ಬಿಗಿದುಕೊಳ್ಳುತ್ತದೆ, ಚಾಟರಬಿಲ್ಲಿನ ರಬ್ಬರಿನಂತೆ ಥಟ್ಟನೆ ಬಿಟ್ಟುಬಿಡುತ್ತದೆ. ಆ ಒಂದು ಜಿಗಿತದಲ್ಲಿ ಕಿಡಿಗೆ ಬೇಕಾದ ವೇಗ ಸಿಗುತ್ತದೆ, ಕಿಡಿ ಸ್ವಲ್ಪ ತಡವಾಗಿ ಬಂದು ಎಂಜಿನ್ ಹಿಮ್ಮೆಟ್ಟಿ ಒದೆಯುವುದೂ ತಪ್ಪುತ್ತದೆ. ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುವಾಗ ಎಂಜಿನ್ನಿನ ಹಿಂದಿನಿಂದ ಕೇಳುವ ‘ಟಕ್’ ಇದರದೇ. ಎಂಜಿನ್ ವೇಗ ಹಿಡಿದಮೇಲೆ ಅದರ ಕೊಕ್ಕೆಗಳು ತಾವೇ ಹೊರಗೆ ಸರಿದು ಸುಮ್ಮನಾಗುತ್ತವೆ. ಚಂದದ ಕೆಲಸ, ಆದರೆ ಇದೂ ಸವೆಯುತ್ತದೆ. ತುಂಡಾದರೆ ಲೋಹದ ಚೂರು ಎಂಜಿನ್ನಿನ ಗಿಯರುಗಳೊಳಗೆ ಬೀಳುತ್ತದೆ.

ಮೂರನೆಯದೇ ನಿಜವಾದ ಕೊರತೆ. ಮ್ಯಾಗ್ನೆಟೊಗೆ ಒಂದೇ ಗಳಿಗೆ ಗೊತ್ತು. ಪಿಸ್ಟನ್ ಮೇಲಿನ ತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ 25 ಡಿಗ್ರಿ ತಿರುಗಬೇಕು ಅನ್ನುವಾಗ, ಕೆಲವು ಎಂಜಿನ್ನುಗಳಲ್ಲಿ 20 ಡಿಗ್ರಿ ಇರುವಾಗ, ಅದು ಕಿಡಿ ಕೊಡುತ್ತದೆ. 2400 ಆರ್‌ಪಿಎಂನಲ್ಲಿ ಈ 25 ಡಿಗ್ರಿ ಎಂದರೆ ಸೆಕೆಂಡಿನ ಸಾವಿರದ ಎರಡು ಪಾಲೂ ಇಲ್ಲ. ಅಷ್ಟರಲ್ಲಿ ಬೆಂಕಿ ಹರಡಿ, ಪಿಸ್ಟನ್ ಮೇಲಿನಿಂದ ಇಳಿಯಲು ಶುರುಮಾಡಿದ ಕೂಡಲೇ ಒತ್ತಡ ತುತ್ತತುದಿ ಮುಟ್ಟಬೇಕು. ಪೂರ್ತಿ ಥ್ರಾಟಲ್ ಕೊಟ್ಟು ಟೇಕಾಫ್ ಮಾಡುವಾಗ ಈ ಲೆಕ್ಕ ಸರಿಹೋಗುತ್ತದೆ; ಅದಕ್ಕೆಂದೇ ಹೊಂದಿಸಿದ್ದು. ಆದರೆ ಎಂಟು ಸಾವಿರ ಅಡಿ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 30 ಇಂಚು ಪಾದರಸದಿಂದ 22 ಇಂಚಿಗೆ ಇಳಿದಿರುತ್ತದೆ. ಸಿಲಿಂಡರಿಗೆ ಹೋಗುವ ಮಿಶ್ರಣವೇ ತೆಳು. ಪೈಲಟ್ ಪೆಟ್ರೋಲ್ ಉಳಿಸಲು ಅದನ್ನು ಇನ್ನೂ ತೆಳು ಮಾಡಿರುತ್ತಾನೆ. ತೆಳು ಮಿಶ್ರಣ ನಿಧಾನ ಉರಿಯುತ್ತದೆ, ಹಸಿ ಸೌದೆಯ ಹಾಗೆ. ಅಡುಗೆ ಹೊತ್ತಿಗೆ ಸರಿಯಾಗಬೇಕಾದರೆ ಒಲೆಯನ್ನು ಮುಂಚೆಯೇ ಹಚ್ಚಬೇಕು. ಮ್ಯಾಗ್ನೆಟೊ ಹಚ್ಚುವುದಿಲ್ಲ. ಅದು ಟೇಕಾಫಿನ ಗಳಿಗೆಯನ್ನೇ ಜಪಿಸುತ್ತಿರುತ್ತದೆ, ಉಳಿದ ಶಾಖ ಎಕ್ಸಾಸ್ಟಿನಲ್ಲಿ ಹೊರಟುಹೋಗುತ್ತದೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಬಂದದ್ದು ಈ ಜಾಗಕ್ಕೆ. ಪಾಯಿಂಟ್ ಬದಲು ಸೆನ್ಸರ್, ಕ್ಯಾಮ್ ಬದಲು ಸರ್ಕೀಟ್. ಸೆನ್ಸರ್ ಕ್ರ್ಯಾಂಕ್ ಎಲ್ಲಿದೆ ಎಂದು ನೋಡುತ್ತದೆ, ಇನ್ನೊಂದು ಸೆನ್ಸರ್ ಎಂಜಿನ್ ಉಸಿರೆಳೆಯುವ ಗಾಳಿಯ ಒತ್ತಡ ಎಷ್ಟೆಂದು ನೋಡುತ್ತದೆ. ಒತ್ತಡ ಕಡಿಮೆಯಾದ ಹಾಗೆ ಕಿಡಿಯನ್ನು 35–40 ಡಿಗ್ರಿವರೆಗೂ ಮುಂಚಿತವಾಗಿ ಕೊಡುತ್ತದೆ. ಕಿಡಿ ಬಲವಾದದ್ದು, ಪ್ಲಗ್ಗಿನ ಸಂದಿಯನ್ನು ದುಪ್ಪಟ್ಟು ಮಾಡಿದರೂ ಹಾರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಎಂಜಿನ್ ಕಾದು ಕೂತಾಗ ಮ್ಯಾಗ್ನೆಟೊ ಇದ್ದವರು ಸ್ಟಾರ್ಟರಿಗೆ ಬೇಡಿಕೊಳ್ಳುತ್ತಾರೆ, ಎಲೆಕ್ಟ್ರಾನಿಕ್ ಇದ್ದವರು ಗುಂಡಿ ಒತ್ತಿ ಹೊರಡುತ್ತಾರೆ. ಸೀಸ ಬೆರೆತ ವಿಮಾನದ ಪೆಟ್ರೋಲಿನಿಂದ ಪ್ಲಗ್ ಕರಕಲಾಗುವ ಕಾಟವೂ ಕಡಿಮೆ. ನಮ್ಮ ಸ್ಕೂಟರುಗಳ ಮೈಮೇಲೆ ‘ಎಲೆಕ್ಟ್ರಾನಿಕ್’ ಎಂಬ ಬಿಲ್ಲೆ ಕಾಣಿಸಿಕೊಂಡಮೇಲೆ ಗ್ಯಾರೇಜಿನಾತನ ಎಮರಿ ಕಾಗದಕ್ಕೆ ಕೆಲಸ ತಪ್ಪಿದ್ದು ಉಜ್ಜಲು ಪಾಯಿಂಟುಗಳೇ ಇಲ್ಲವಾದ ಕಾರಣಕ್ಕೆ.

ಹಾಗಾದರೆ ಪೆಟ್ರೋಲ್ ಎಷ್ಟು ಉಳಿಯುತ್ತದೆ? ಮಾರುವವರು ಶೇಕಡಾ ಹತ್ತು, ಅದಕ್ಕೂ ಹೆಚ್ಚು ಎನ್ನುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ: ಎಲ್ಲಿ ಉಳಿಯುತ್ತದೆ? ನೆಲದ ಹತ್ತಿರ ಪೂರ್ತಿ ಥ್ರಾಟಲ್‌ನಲ್ಲಿ ಎರಡೂ ಒಂದೇ ಗಳಿಗೆಯಲ್ಲಿ ಕಿಡಿ ಕೊಡುತ್ತವೆ, ಅಲ್ಲಿ ಲಾಭವೇ ಇಲ್ಲ. ರನ್‌ವೇ ಸುತ್ತ ಸಾವಿರ ಅಡಿಯಲ್ಲಿ ಸುತ್ತು ಹಾಕುತ್ತ, ಐದೈದು ನಿಮಿಷಕ್ಕೆ ಇಳಿದು ಏರುವ ತರಬೇತಿ ವಿಮಾನಕ್ಕೆ ಚೆನ್ನಾಗಿ ಸ್ಟಾರ್ಟ್ ಆಗುವುದೊಂದೇ ಲಾಭ. ಎಂಟು, ಹತ್ತು ಸಾವಿರ ಅಡಿ ಏರಿ ಮೂರು ಗಂಟೆ ಒಂದೇ ದಿಕ್ಕಿಗೆ ಹೋಗುವವನಿಗೆ ಹಣ ನಿಜವಾಗಿ ಉಳಿಯುತ್ತದೆ. ಕಿಡಿ ಬೇಗ ಬಂದಷ್ಟೂ ಸಿಲಿಂಡರ್ ಹೆಡ್ಡಿನ ಬಿಸಿ ಏರುತ್ತದೆ ಎಂಬುದನ್ನೂ ಜಾಹೀರಾತುಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ. ಅತಿಯಾದರೆ ಮಿಶ್ರಣ ಉರಿಯುವ ಬದಲು ಸಿಡಿಯುತ್ತದೆ, ಪಿಸ್ಟನ್ನಿಗೆ ತೂತು ಬೀಳುತ್ತದೆ. ಗಾಳಿಯಲ್ಲಿ ತಣ್ಣಗಾಗುವ ಎಂಜಿನ್ನಿಗೆ ಇದು ಚಿಕ್ಕ ಸಂಗತಿಯಲ್ಲ.

ಈಗ ಕಿಡಿಯ ಅನ್ನದ ಪ್ರಶ್ನೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ಉಣ್ಣುವುದು ಹೆಚ್ಚೇನಲ್ಲ, ಒಂದೆರಡು ಆಂಪಿಯರ್. ಆದರೆ ಅದನ್ನು ಯಾರಾದರೂ ಬಡಿಸಬೇಕು. ಆಲ್ಟರ್ನೇಟರಿನ ಬೆಲ್ಟ್ ಕಡಿದರೆ ಬ್ಯಾಟರಿ ಬಡಿಸುತ್ತದೆ. ಬ್ಯಾಟರಿ ಎಷ್ಟು ಹಳೆಯದು, ಅದನ್ನು ಯಾವಾಗ ಪರೀಕ್ಷಿಸಿದ್ದು ಎಂಬುದು ಈವರೆಗೆ ರೇಡಿಯೊ ಮತ್ತು ದೀಪಗಳ ಪ್ರಶ್ನೆಯಾಗಿತ್ತು. ಈಗ ಅದು ಎಂಜಿನ್ನಿನ ಪ್ರಶ್ನೆ.

ಇದು ಬರೀ ಹೆದರಿಕೆಯ ಮಾತಲ್ಲ. 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೆಯರ್ ಎಂಬ ಊರಿನಿಂದ ಡೈಮಂಡ್ ಡಿಎ42 ಎಂಬ ಎರಡು ಎಂಜಿನ್ನಿನ ವಿಮಾನ ಹೊರಟಿತು. ಅದರದು ಡೀಸೆಲ್ ಎಂಜಿನ್, ಕಿಡಿಯ ಗೊಡವೆಯೇ ಇಲ್ಲ. ಆದರೆ ಎಂಜಿನ್ನುಗಳನ್ನು ಆಳುವುದು ಕಂಪ್ಯೂಟರ್. ಬ್ಯಾಟರಿ ಖಾಲಿಯಾಗಿದ್ದುದರಿಂದ ಹೊರಗಿನ ವಿದ್ಯುತ್ತಿನಲ್ಲಿ ಎಂಜಿನ್ ಹೊತ್ತಿಸಿದ್ದರು. ನೆಲ ಬಿಟ್ಟು ಚಕ್ರಗಳನ್ನು ಮಡಚಲು ಗುಂಡಿ ಒತ್ತಿದಾಗ ಅದರ ಮೋಟಾರು ಒಮ್ಮೆಲೇ ವಿದ್ಯುತ್ ಎಳೆಯಿತು, ವೋಲ್ಟೇಜ್ ಕುಸಿಯಿತು, ಎರಡೂ ಕಡೆಯ ಕಂಪ್ಯೂಟರುಗಳು ಒಟ್ಟಿಗೇ ಹೊಸದಾಗಿ ಶುರುವಾದವು. ಎರಡು ಎಂಜಿನ್ ಇಟ್ಟುಕೊಳ್ಳುವುದೇ ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು; ಎರಡೂ ಒಂದೇ ಗಳಿಗೆಯಲ್ಲಿ ಸುಮ್ಮನಾದವು. ವಿಮಾನ ರನ್‌ವೇ ಆಚೆ ಬಿತ್ತು. ಯಾರ ಪ್ರಾಣವೂ ಹೋಗಲಿಲ್ಲ. ಖಾಲಿ ಬ್ಯಾಟರಿಯಲ್ಲಿ ಹಾಗೆ ಹೊರಡಬಾರದೆಂಬ ನಿಯಮ ಪುಸ್ತಕದಲ್ಲಿತ್ತು, ನಿಜ. ಆದರೆ ರೈಟ್ ಸಹೋದರರು ಬ್ಯಾಟರಿಯನ್ನು ನೆಲದಲ್ಲೇ ಬಿಟ್ಟು ಹಾರಿದಾಗ ಅವರಿಗೆ ಅಂಥ ನಿಯಮವೇ ಬೇಕಿರಲಿಲ್ಲ.

ಎಲೆಕ್ಟ್ರಾನಿಕ್ ಮಾಡುವವರು ಇದಕ್ಕೆ ಮದ್ದು ಹುಡುಕದೆ ಕೂತಿಲ್ಲ. ಸರ್ಟಿಫಿಕೇಟ್ ಇರುವ ಹಳೆಯ ವಿಮಾನಗಳಿಗೆಂದು ಅಮೆರಿಕದಲ್ಲಿ ಮಾರುವ ಶೂರ್‌ಫ್ಲೈ, ಎಲೆಕ್ಟ್ರೊಏರ್‌ಗಳಂಥವನ್ನು ಸಾಮಾನ್ಯವಾಗಿ ಒಂದು ಮ್ಯಾಗ್ನೆಟೊದ ಜಾಗದಲ್ಲಿ ಕೂರಿಸುತ್ತಾರೆ, ಇನ್ನೊಂದು ಮ್ಯಾಗ್ನೆಟೊ ಹಾಗೇ ಉಳಿಯುತ್ತದೆ. ಶೂರ್‌ಫ್ಲೈಯ ತಂತಿ ಮಾಸ್ಟರ್ ಸ್ವಿಚ್ಚಿನ ಮೂಲಕ ಹೋಗದೆ ನೇರ ಬ್ಯಾಟರಿಗೆ ಹೋಗುತ್ತದೆ. ಕಾಕ್‌ಪಿಟ್ಟಿನಲ್ಲಿ ಹೊಗೆ ಕಂಡು ಪೈಲಟ್ ಎಲ್ಲ ವಿದ್ಯುತ್ತನ್ನೂ ಆರಿಸಿದರೂ ಕಿಡಿ ಆರುವುದಿಲ್ಲ. ಪಿ-ಮ್ಯಾಗ್ ಎಂಬುದು ಇನ್ನೊಂದು ಜಾತಿ. ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳುವವರಿಗೆ ಅಚ್ಚುಮೆಚ್ಚು. ಅದರ ಹೊಟ್ಟೆಯೊಳಗೇ ಪುಟ್ಟ ಆಲ್ಟರ್ನೇಟರ್ ಇದೆ. ಸ್ಟಾರ್ಟ್ ಮಾಡಲು ಮಾತ್ರ ಬ್ಯಾಟರಿ, ಎಂಜಿನ್ ವೇಗ ಹಿಡಿದಮೇಲೆ ತನ್ನ ಕರೆಂಟು ತನ್ನದೇ. ಮ್ಯಾಗ್ನೆಟೊದ ಸ್ವಾವಲಂಬನೆ, ಎಲೆಕ್ಟ್ರಾನಿಕ್ಕಿನ ಬುದ್ಧಿ. ನನಗೆ ಕೇಳಿದರೆ ದಾರಿ ಇರುವುದೇ ಇಲ್ಲಿ.

ಒಂದು ಮ್ಯಾಗ್ನೆಟೊ, ಒಂದು ಎಲೆಕ್ಟ್ರಾನಿಕ್ ಎಂಬ ಜೋಡಿಯಲ್ಲಿ ಹೊಸದಾಗಿ ಹಾಕಿಸಿದವರನ್ನು ತಬ್ಬಿಬ್ಬು ಮಾಡುವ ಒಂದು ಸಂಗತಿಯಿದೆ. ಎತ್ತರದಲ್ಲಿ ಎಲೆಕ್ಟ್ರಾನಿಕ್ ಕಿಡಿ ಮುಂಚೆಯೇ ಬೆಂಕಿ ಹಚ್ಚಿರುತ್ತದೆ, ಮ್ಯಾಗ್ನೆಟೊ ಕಿಡಿ ಬರುವಷ್ಟರಲ್ಲಿ ಊಟ ಮುಗಿಯುತ್ತ ಬಂದಿರುತ್ತದೆ. ಎರಡು ಬದಿಯಿಂದ ಹೊತ್ತಿಸುವ ಲಾಭ ಅಲ್ಲಿಗೆ ಕೊಂಚ ಕೈಬಿಟ್ಟಂತೆ. ರನ್‌ವೇ ತುದಿಯ ಪರೀಕ್ಷೆಯಲ್ಲೂ ಎಲೆಕ್ಟ್ರಾನಿಕ್ಕನ್ನು ಆರಿಸಿದಾಗ ಸೂಜಿ ಹೆಚ್ಚು ಇಳಿಯುತ್ತದೆ, ಮ್ಯಾಗ್ನೆಟೊವನ್ನು ಆರಿಸಿದಾಗ ಇಳಿದದ್ದೇ ಗೊತ್ತಾಗುವುದಿಲ್ಲ. ಮ್ಯಾಗ್ನೆಟೊ ಕೆಟ್ಟಿದೆ ಎಂದು ಬಿಚ್ಚಲು ಹೊರಟವರಿದ್ದಾರೆ. ಕೆಟ್ಟಿಲ್ಲ, ಪಕ್ಕದವನು ಚುರುಕು, ಅಷ್ಟೆ.

ಬೆಂಗಳೂರಿನಲ್ಲಿ ಈ ಇಡೀ ಕತೆಯನ್ನು ಎರಡು ವಿಮಾನಗಳಲ್ಲಿ ಓದಬಹುದು. ಎಚ್‌ಎಎಲ್ ಕಟ್ಟಿದ ಪುಷ್ಪಕ್ ಮೊದಲು ಹಾರಿದ್ದು 1958ರಲ್ಲಿ. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಎರಡು ಮ್ಯಾಗ್ನೆಟೊ, ಸ್ಟಾರ್ಟರ್ ಇಲ್ಲ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಹಾರಲು ಕಲಿತದ್ದು ಅದರಲ್ಲೇ. ಒಳಗಿದ್ದವನು “ಸ್ವಿಚಸ್ ಆಫ್” ಎನ್ನುವುದು, ಹೊರಗಿದ್ದವನು ಪ್ರೊಪೆಲ್ಲರನ್ನು ಹದಕ್ಕೆ ತಂದು ನಿಲ್ಲಿಸಿ “ಕಾಂಟ್ಯಾಕ್ಟ್” ಎಂದು ಕೂಗುವುದು, ಕೈಯಿಂದ ಬೀಸಿ ಹಿಂದಕ್ಕೆ ಹಾರುವುದು. ಈ ಲೇಖನದ ಮೊದಲಲ್ಲಿ ಹೇಳಿದ ಅರ್ತ್ ತಂತಿ ನೆಟ್ಟಗಿದೆ ಎಂಬ ನಂಬಿಕೆಯ ಮೇಲೆಯೇ ಆ ಮನುಷ್ಯ ನಿಂತಿರುತ್ತಿದ್ದ. ಇನ್ನೊಂದು, ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಹಂಸ-ಎನ್‌ಜಿ. ಇದು 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆಕಾಶದಲ್ಲೇ ಮೊದಲು ಹಾರಿತು. ಅದರ ಮೂಗಿನಲ್ಲಿರುವುದು ಆಸ್ಟ್ರಿಯಾದ ರೋಟ್ಯಾಕ್ಸ್ 912 ಐಎಸ್ ಬಗೆಯ ಎಂಜಿನ್. ಮ್ಯಾಗ್ನೆಟೊ ಇಲ್ಲ, ಪಾಯಿಂಟ್ ಇಲ್ಲ. ಕಿಡಿಯನ್ನೂ ಪೆಟ್ರೋಲನ್ನೂ ಎ ಮತ್ತು ಬಿ ಎಂಬ ಎರಡು ಎಲೆಕ್ಟ್ರಾನಿಕ್ ಲೇನ್‌ಗಳು ನೋಡಿಕೊಳ್ಳುತ್ತವೆ. ಆದರೂ ಆಸ್ಟ್ರಿಯಾದವರು ಹಳಬರ ಮಾತನ್ನು ತಳ್ಳಿಹಾಕಿಲ್ಲ. ಎಂಜಿನ್ನಿನೊಳಗೇ ಎರಡು ಜನರೇಟರ್ ಇಟ್ಟಿದ್ದಾರೆ. ಒಂದು ಎಂಜಿನ್ನಿನ ಸ್ವಂತ ಬಳಕೆಗೆ, ಇನ್ನೊಂದು ವಿಮಾನದ ಉಳಿದ ಸಂಸಾರಕ್ಕೆ. ಮೊದಲನೆಯದು ಕೆಟ್ಟರೆ ಎರಡನೆಯದು ಎಂಜಿನ್ನಿನ ಪಾಲಿಗೆ ಬರುತ್ತದೆ. ಅದೇ ಕಂಪನಿಯ ಹಳೆಯ 912 ಎಂಜಿನ್ನುಗಳಲ್ಲೂ 1989ರಿಂದಲೇ ಎಲೆಕ್ಟ್ರಾನಿಕ್ ಇಗ್ನಿಷನ್ ಇದೆ, ಅದಕ್ಕೆ ಬೇಕಾದ ಕರೆಂಟು ಎಂಜಿನ್ನಿನ ಒಳಗಿನ ಸುರುಳಿಗಳಿಂದಲೇ ಬರುತ್ತದೆ.

ಯಾವುದನ್ನು ಆರಿಸಬೇಕು? ಇಡೀ ದಿನ ರನ್‌ವೇ ಸುತ್ತುವ ತರಬೇತಿ ವಿಮಾನವಾದರೆ ಎರಡು ಮ್ಯಾಗ್ನೆಟೊಗಳನ್ನು ಹಾಗೇ ಇಟ್ಟು, 500 ಗಂಟೆಯ ತಪಾಸಣೆಯನ್ನು ತಪ್ಪಿಸದೆ ಮಾಡಿಸಿ. ಮ್ಯಾಗ್ನೆಟೊವನ್ನು ಯಾವ ಹ್ಯಾಂಗರಿನಲ್ಲೂ ಬಿಚ್ಚಿ ಕೂರಿಸಬಲ್ಲವರಿದ್ದಾರೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ಅದು ಕಡಲು ದಾಟಿ ಕಂಪನಿಗೇ ಹೋಗಬೇಕು, ವಿಮಾನ ಅಷ್ಟು ದಿನ ಧೂಳು ತಿನ್ನಬೇಕು. ದೂರ ಹಾರುವ ವಿಮಾನವಾದರೆ, ಆ ತಪಾಸಣೆ ಹತ್ತಿರ ಬಂದಾಗ ಒಂದು ಮ್ಯಾಗ್ನೆಟೊವನ್ನು ರಿಪೇರಿಗೆ ಕಳಿಸುವ ಬದಲು ಬಿಚ್ಚಿ, ನಿಮ್ಮ ಎಂಜಿನ್ನಿಗೂ ವಿಮಾನಕ್ಕೂ ಅನುಮತಿ ಇರುವ ಎಲೆಕ್ಟ್ರಾನಿಕ್ ಹಾಕಿಸಿ. ನಮ್ಮ ದೇಶದಲ್ಲಿ ಅದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಒಪ್ಪಿಗೆ ಬೇಕೆಂಬುದನ್ನು ಮರೆಯಬೇಡಿ. ಹಾಕಿಸಿದಮೇಲೆ ಬ್ಯಾಟರಿಯ ವಯಸ್ಸನ್ನು ಲಾಗ್‌ಬುಕ್ಕಿನಲ್ಲಿ ಎಂಜಿನ್ ಆಯಿಲಿನಷ್ಟೇ ನಿಷ್ಠೆಯಿಂದ ಬರೆಯಿರಿ. ಎರಡನೆಯ ಮ್ಯಾಗ್ನೆಟೊವನ್ನು ಮಾತ್ರ, ಎಂಜಿನ್ನಿನೊಳಗೇ ಇನ್ನೊಂದು ವಿದ್ಯುತ್ ಮೂಲ ಇಲ್ಲದ ಹೊರತು, ಮುಟ್ಟಬೇಡಿ.

ಪರೀಕ್ಷೆಯಂತೂ ಯಾವುದಕ್ಕೂ ತಪ್ಪಿದ್ದಲ್ಲ. ರೋಟ್ಯಾಕ್ಸ್ 912 ಐಎಸ್ ಇರುವ ವಿಮಾನದಲ್ಲೂ ಹಾರುವ ಮುನ್ನ ಪೈಲಟ್ ಲೇನ್ ಎ ಆರಿಸಿ ಒಮ್ಮೆ, ಲೇನ್ ಬಿ ಆರಿಸಿ ಒಮ್ಮೆ ಎಂಜಿನ್ ಏನು ಹೇಳುತ್ತದೆಂದು ನೋಡುತ್ತಾನೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ಬೇಲಿ ಪಕ್ಕ ಹಾದುಹೋಗುವಾಗ ರನ್‌ವೇ ತುದಿಯಲ್ಲಿ ಪುಟ್ಟ ವಿಮಾನವೊಂದು ನಿಂತಲ್ಲೇ ಅಬ್ಬರಿಸುತ್ತಿದ್ದರೆ ಒಂದು ನಿಮಿಷ ನಿಂತು ಕಿವಿಗೊಡಿ. ಅದರ ಸದ್ದು ಎರಡು ಸಲ ಕುಗ್ಗಿ, ಎರಡು ಸಲ ಏರುತ್ತದೆ. ಆಮೇಲೆ ಹೊರಡುತ್ತದೆ.